ಒಂದೇ ಪಂಕ್ತಿಯಲ್ಲಿ ಉಂಡ ಇಬ್ಬರ ರಕ್ತ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿರಾದ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೆ. ಇಡೀ ಲ್ಯಾಬಿಗೆ ನಾನೊಬ್ಬಳೇ. ರಜೆ ಕೇಳಿದರೆ ಬದಲಿಗೆ ಯಾರೂ ಇಲ್ಲ ಎನ್ನುತ್ತಿದ್ದರು. ಹಾಗಾಗಿ ಗೌಡಗೆರೆ ಹತ್ತಿರದ ನಮ್ಮೂರಿನಲ್ಲಿ ನಡೆದ ತಂಗಿಯ ಮದುವೆಯ ಬೀಗರೂಟಕ್ಕೂ ಹೋಗಲಾಗಲಿಲ್ಲ.

ಅವತ್ತು ಸಂಜೆ ಲ್ಯಾಬಿಗೆ ಬೀಗ ಹಾಕುವ ಹೊತ್ತಿಗೆ ಅಪ್ಪ ಅಣ್ಣನನ್ನು ಕರೆದುಕೊಂಡು ಬಂದ. ಬೀಗರ ಬಾಡೂಟವಾದ ಸ್ವಲ್ಪ ಹೊತ್ತಿಗೆ ಅಣ್ಣನಿಗೆ ಎದೆ ಬಿಗಿದು ಬೆವರಿತ್ತಂತೆ. ಡಾಕ್ಟರು ನೋಡಿ, ಸದ್ಯಕ್ಕೆ ಗಾಬರಿಯಿಲ್ಲ, ಸಕ್ಕರೆ ಎಷ್ಟಿದೆ ನೋಡಿ ಎಂದರು. ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದೆ. ಕೆಂಪು ತಳಕ್ಕೆ ಇಳಿದ ಮೇಲೆ ಮೇಲುಗಡೆ ಹಳದಿ ತಿಳಿ ನಿಲ್ಲಬೇಕು. ಅಣ್ಣನದು ಹಾಲು ಬೆರೆಸಿದ ಹಾಗೆ ಬೆಳ್ಳಗಿತ್ತು. ಉಂಡ ಕೊಬ್ಬು ಇನ್ನೂ ರಕ್ತದಲ್ಲೇ ಓಡಾಡುತ್ತಿತ್ತು.

ಅಪ್ಪ ಬಗ್ಗಿ ನೋಡಿ ತನ್ನ ತೋಳನ್ನೂ ಚಾಚಿದ. “ನಂದೂ ವಸಿ ನೋಡವ್ವ. ನಾನೂ ಅದೇ ಪಂಕ್ತೀಲಿ ಉಂಡಿರಾದು,” ಎಂದ.

ಅಪ್ಪನ ರಕ್ತದ ತಿಳಿಯ ಆಚೆಗೆ ನನ್ನ ಬೆರಳು ಕಾಣುತ್ತಿತ್ತು. ಅವನಿಗೆ ಆಗಲೇ ಎಪ್ಪತ್ತರ ಹತ್ತಿರ. ದಿನವೂ ಕುರಿಗಳ ಹಿಂದೆ ಪಟ್ಟನಾಯಕನಹಳ್ಳಿ ಕಡೆಯ ಬಯಲೆಲ್ಲ ಸುತ್ತುತ್ತಿದ್ದ. ಅಣ್ಣ ತನ್ನ ಪಾಲಿನ ಕುರಿ ಮಾರಿ ನ್ಯಾಯಬೆಲೆ ಅಂಗಡಿ ಇಟ್ಟು ಐದು ವರ್ಷವಾಗಿತ್ತು. ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆಯೇ ಏಳುತ್ತಿದ್ದದ್ದು.

ಎರಡು ದಿನ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ತೆಗೆದ ಅಣ್ಣನ ರಕ್ತವನ್ನು ತುಮಕೂರಿಗೆ ಕಳಿಸಿದೆವು. ಆಗಲೂ ಕೊಬ್ಬು ಜಾಸ್ತಿ ಎಂದೇ ಬಂತು. ಡಾಕ್ಟರು ಮಾಂಸದ ಕೊಬ್ಬು, ಕರಿದದ್ದು ಕಡಿಮೆ ಮಾಡಿಸಿ, ದಿನಕ್ಕೊಂದು ಗಂಟೆ ನಡೆಯಲು ಹೇಳಿದರು. ಅಪ್ಪನ ಜೊತೆ ಕುರಿ ಹಿಂದೆಯೇ ನಡೆ ಎಂದು ನಾನೆಂದೆ. ಅಣ್ಣನಿಗೆ ಅವಮಾನವಾದಂತಾಯಿತು. ಕುರಿ ಬಿಟ್ಟವನು ಮತ್ತೆ ಕುರಿ ಹಿಂದೆ ಹೋದರೆ ಊರು ನಗುತ್ತದೆ ಎಂದು ನನ್ನ ಮೇಲೆ ರೇಗಿದ. ಆದರೂ ಹೆದರಿಕೆಗೆ, ಅಂಗಡಿ ತೆರೆಯುವ ಮುಂಚೆ ಅಪ್ಪನ ಜೊತೆ ಹೊರಟ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾಂಸದೂಟ ಮಾಡಿ, ತಾನಾಗಿಯೇ ರಕ್ತ ಕೊಡಲು ಬಂದ. ಪೂರಾ ತಿಳಿಯಾಗಿರಲಿಲ್ಲ, ಆದರೆ ಹಾಲಿನಂತೆಯೂ ಇರಲಿಲ್ಲ. ಕಾಯಿಲೆ ಹೋಯಿತು ಎಂದು ನಗುತ್ತಾ ಬಸ್ಸು ಹತ್ತಿದವನು ಮಾರನೆಯ ದಿನದಿಂದಲೇ ನಡೆಯುವುದು ಬಿಟ್ಟ. ಅದು ನನಗೆ ತಿಳಿದದ್ದು ದಸರಾ ಕಳೆದ ಮೇಲೆ, ಉಂಡು ಅಪ್ಪನ ಜೊತೆ ಬಂದ ಅವನ ರಕ್ತದ ತಿಳಿ ಮತ್ತೆ ಬೆಳ್ಳಗೆ ನಿಂತಾಗ.

ಡಾಕ್ಟರು ಬೈಯಲಿಲ್ಲ. ನಿನ್ನೆ ನಡೆದದ್ದು ಇವತ್ತಿನ ಊಟದ ಕೊಬ್ಬಿಗೆ ಆಗುತ್ತದೆ, ಹೆಚ್ಚೆಂದರೆ ನಾಳೆಯದಕ್ಕೆ. ನಡಿಗೆಯನ್ನು ಕೂಡಿಡಲು ಬರುವುದಿಲ್ಲ ಎಂದರು. ಅಣ್ಣ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ.

“ಅಂಗಾರೆ ಇದು ಮುಗಿಯಾದೇ ಇಲ್ವೇನಮ್ಮ?” ಎಂದು ಕೇಳಿದ.

ಬೆಳಗಿನಿಂದ ನಿಂತು ನನ್ನ ಕಾಲುಗಳೂ ಬಾತಿದ್ದವು. ಮನೆಯಲ್ಲಿ ಇಬ್ಬರು ಮಕ್ಕಳ ಊಟ, ಒಗೆಯದ ಬಟ್ಟೆ ಕಾದಿದ್ದವು. ಪಕ್ಕದಲ್ಲಿದ್ದ ಅಪ್ಪನೇ ಹೇಳಿದ: “ನಂದು ಯಾವತ್ತು ಮುಗ್ದೈತ್ಲಾ?”

ಅದರಲ್ಲಿ ಹಂಗಿಸುವ ದನಿಯಿರಲಿಲ್ಲ, ದಣಿವಿತ್ತು. ಅಪ್ಪನಿಗೆ ನಡೆಯುವುದು ಇಷ್ಟ ಎಂದೇ ಅಲ್ಲಿಯವರೆಗೆ ನಾವು ತಿಳಿದಿದ್ದೆವು. ಅಣ್ಣ ಬಗ್ಗಿ ಅವನ ಕಾಲುಗಳನ್ನು ನೋಡಿದ.

ಆ ವಾರದಿಂದ ಬೆಳಗಿನ ಹೊತ್ತು ಅಣ್ಣನೇ ಕುರಿ ಹೊಡೆದುಕೊಂಡು ಹೋಗತೊಡಗಿದ. ಬಿಸಿಲೇರುವ ತನಕ ಅಪ್ಪ ಮಲಗಿರುತ್ತಿದ್ದ. ನಾನು ಊರಿಗೆ ಹೋದಾಗಲೆಲ್ಲ ಅಣ್ಣ ಮಂಡಿನೋವು ಎಂದು ಗೊಣಗುತ್ತಿದ್ದ. ಗೊಣಗುತ್ತಲೇ ದೊಣ್ಣೆ ಹಿಡಿದು ಎದ್ದು ಹೊರಡುತ್ತಿದ್ದ.