ಅಂಚೆ ಚಿಕ್ಕಮ್ಮ ಕೊಂಡ ಮೊದಲ ಮನೆ

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಮನೆಮನೆಗೆ ಅಂಚೆ ಹಂಚಿದವಳು. ಬಾಡಿಗೆಗೆ ಕೊಡಲು ಒಂದು ಸಣ್ಣ ಮನೆ ಕೊಳ್ಳೋಣವೆಂದು ಹೊರಟಾಗ ಆ ವ್ಯವಹಾರದ ಗಂಧಗಾಳಿಯೂ ಅವಳಿಗಿರಲಿಲ್ಲ. ದಲ್ಲಾಳಿ ಅವಳನ್ನು ನೇರವಾಗಿ ಹೊಸ ಬಡಾವಣೆಯ ಲಿಫ್ಟಿರುವ ಕಟ್ಟಡಕ್ಕೆ ಕರೆದೊಯ್ದ.

"ಕಣ್ಣು ಮುಚ್ಕೊಂಡು ತಗೊಳ್ಳಿ ಅಮ್ಮ, ಬಾಡಿಗೆಗೆ ಕ್ಯೂ ನಿಲ್ತಾರೆ," ಎಂದ.

"ನಿಲ್ತಾರೆ, ಆದ್ರೆ ಉಳಿಯಲ್ಲಪ್ಪ," ಎಂದಳು ಚಿಕ್ಕಮ್ಮ. "ಇಲ್ಲಿ ಆರಾರು ತಿಂಗಳಿಗೆ ಡಬ್ಬಿ ಮೇಲಿನ ಹೆಸರು ಬದಲಾಗುತ್ತೆ. ಎಷ್ಟು ಕಾಗದ ವಾಪಸ್ ಹೊತ್ಕೊಂಡು ಹೋಗಿದ್ದೀನಿ ಅಂತ ನಂಗೇ ಗೊತ್ತು."

ಮರುದಿನ ಅವಳೇ ಅವನನ್ನು ಶಾಲೆಯ ಹಿಂದಿನ ಇಕ್ಕಟ್ಟು ಬೀದಿಗೆ ಕರೆದೊಯ್ದಳು. ಅಲ್ಲಿ ವರ್ಷಗಟ್ಟಲೆ ಅವೇ ಹೆಸರುಗಳಿಗೆ ಕಾಗದ ಬರುತ್ತಿತ್ತು. ಗಾರೆ ಉದುರಿದ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿತ್ತು. ಚಿಕ್ಕಪ್ಪ ಮೂಗು ಮುರಿದರು, ಅವಳು ಜಗ್ಗಲಿಲ್ಲ. ವಕೀಲರಿಂದ ಮನೆಯ ಪತ್ರಗಳನ್ನು ಓದಿಸಿ, ನಲ್ಲಿಗಳನ್ನೆಲ್ಲ ತಾನೇ ತಿರುಗಿಸಿ ನೋಡಿ, ಆಮೇಲೆ ಸಹಿ ಹಾಕಿದಳು.

ಮೊದಲು ಬಂದ ದರ್ಜಿ ದಂಪತಿ ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. ಅವರ ಎರಡನೇ ಮಗು ಹುಟ್ಟಿದ್ದೂ ಅಲ್ಲಿದ್ದಾಗಲೇ. ಈಗ ಚಿಕ್ಕಮ್ಮ ಎರಡನೇ ಮನೆ ಹುಡುಕುತ್ತಿದ್ದಾಳೆ. ಅವಳು ನೋಡಲು ಹೊರಡುವ ಮೊದಲೇ ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾರೆ.