ರಂಗೋಲಿಯವನು ಬಿಡಿಸಿದ ಸಮುದ್ರ

ಮೊನ್ನೆ ಮೊಮ್ಮಗಳು ಶಾಲೆಯ ರಂಗೋಲಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಳು. ಖುಷಿ ತಡೆಯಲಾರದೆ ಬೆಳಂಬಾರದ ಮನೆಮನೆಗೂ ಹೇಳಿಬಂದೆ. ಹೇಳುತ್ತ ಹೇಳುತ್ತ, ಈಗಿಲ್ಲದ ನಮ್ಮ ನೆರೆಮನೆಯ ರಂಗೋಲಿಯವನ ನೆನಪಾಗಿ ಬಾಯಿ ಕಹಿಯಾಯಿತು.

ಬಣ್ಣದ ಪುಡಿ ಹಾರೀತೆಂದು ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿಯೇ ಉಸಿರು ಬಿಡುತ್ತಿದ್ದ. ಯಾರು ಹೊಗಳಿದರೂ ಅವನದು ಒಂದೇ ಮಾತು: "ಚೆಂದ ಬೇರೆ, ಎದೆ ನಡುಗೂದು ಬೇರೆ."

ಒಂದು ವರ್ಷ ಕಾರವಾರದ ಸ್ಪರ್ಧೆಯಲ್ಲಿ ಎಲ್ಲರೂ ದೇವರನ್ನು, ಮುಖಂಡರನ್ನು ಬಿಡಿಸಿದರೆ ಇವನು ಬರೀ ಸಮುದ್ರ ಬಿಡಿಸಿದ. ಒಂದೇ ಒಂದು ಕಪ್ಪು ನೀಲಿ ಅಲೆ, ನನ್ನ ಗಂಡನನ್ನು ದೋಣಿ ಸಮೇತ ನುಂಗಿದಂಥದ್ದು. ನೋಡಿದವಳೇ ಸೀರೆಯ ನೆರಿಗೆ ಎತ್ತಿಕೊಂಡು ಹಿಂದೆ ಸರಿದೆ.

ಅವನು ಅದನ್ನು ಕಂಡ. ಅವನ ಕಣ್ಣು ಅರಳಿತು. "ಎಂತಾಯ್ತು ಅಕ್ಕಾ?"

ತೀರ್ಪುಗಾರರು ಪಕ್ಕದಲ್ಲೇ ನಿಂತಿದ್ದರು. ನನಗೆ ನಾಚಿಕೆಯಾಯಿತು. "ಎಂತಿಲ್ಲ ಮಾರಾಯ. ಫೋಟೋದ ಹಾಂಗೇ ಅದೆ," ಅಂದೆ.

"ಹೌದೌದು, ಫೋಟೋನೇ," ಎಂದು ನಕ್ಕು ತೀರ್ಪುಗಾರರು ಮುಂದೆ ಹೋದರು.

ಅವನು ಫಲಿತಾಂಶಕ್ಕೆ ಕಾಯಲಿಲ್ಲ. ಕಸಬರಿಗೆ ತಂದು ಸಮುದ್ರವನ್ನು ಗುಡಿಸತೊಡಗಿದ. ನೀಲಿ ಪುಡಿ ನನ್ನ ಪಾದದ ಮೇಲೆ ಬಂದು ಬಿತ್ತು. ಆಗಲಾದರೂ "ಹೆದರಿದೆ ತಮ್ಮಾ" ಎನ್ನಲು ನನಗೆ ಬಾಯಿ ಬರಲಿಲ್ಲ.