ನಿದ್ದೆಗೆ ಸೋಲದವರ ಮನೆಯ ಗೂಬೆ

ಅವಳ ಮುತ್ತಜ್ಜ ರೈಲ್ವೆ ಗೇಟು ಕಾಯುತ್ತಿದ್ದವನು. ಹಳಿಯ ಮೇಲೆ ಮರ ಉರುಳಿದ ರಾತ್ರಿ ಲಾಟೀನು ಹಿಡಿದು ಎದೆ ಒಡೆಯುವಂತೆ ಓಡಿ ಗಾಡಿ ನಿಲ್ಲಿಸಿದ. ಅಜ್ಜಿ ಹೆರಿಗೆ ವಾರ್ಡಿನ ದಾದಿ. ಒಂದೇ ಪಾಳಿಯಲ್ಲಿ ಏಳು ಕೂಸುಗಳನ್ನು ಭೂಮಿಗಿಳಿಸಿದ ಗಟ್ಟಿಗಿತ್ತಿ. ಅಪ್ಪ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತೊಂದು ವರ್ಷ ರಾತ್ರಿಪಾಳಿ ಎಳೆದ. ಒಂದು ಸಿಗ್ನಲ್ಲೂ ತಪ್ಪಲಿಲ್ಲ. "ನಮ್ಮ ಮನೇಲಿ ನಿದ್ದೆಗೆ ಸೋತವರಿಲ್ಲ" ಎಂಬುದು ಅವನ ಜಂಬ.

ಆ ಜಂಬವನ್ನು ಗಂಟು ಕಟ್ಟಿಕೊಂಡೇ ಮಗಳು ವಿಶ್ವವಿದ್ಯಾಲಯಕ್ಕೆ ಬಂದಳು. ಇರುಳಿಡೀ ಓದುವವಳಿಗೆ ಹಾಸ್ಟೆಲಿನವರು ಗೂಬೆ ಎಂದು ಹೆಸರಿಟ್ಟರು. ಕಳೆದ ಸಲ ಮೂರು ರಾತ್ರಿ ರೆಪ್ಪೆ ಮುಚ್ಚದೆ ಓದಿ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಒಂದೇ ಸೂತ್ರವನ್ನು ಹನ್ನೊಂದು ಸಲ ಬರೆದು ಬಂದಿದ್ದಳು. ಬರೆದದ್ದು ಅವಳಿಗೇ ಗೊತ್ತಿರಲಿಲ್ಲ. ಈಗ ಉಳಿದಿರುವುದು ಒಂದೇ ಅವಕಾಶ. ಇದೂ ಕೈಕೊಟ್ಟರೆ ಸೀಟೇ ಹೋಗುತ್ತದೆ.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬೆಳಗ್ಗೆ ಒಂಬತ್ತಾಗಿತ್ತು. ಎರಡು ರಾತ್ರಿಯ ನಿದ್ದೆ ಬಾಕಿ, ಹತ್ತರಲ್ಲಿ ಎರಡು ಅಧ್ಯಾಯವೂ ಬಾಕಿ. ಅಂಕಿಗಳು ಪುಟದ ಮೇಲೆ ಇರುವೆಗಳಂತೆ ಹರಿದಾಡುತ್ತಿದ್ದವು. ಒಂದೇ ಲೆಕ್ಕ ಮೂರು ಸಲ ಮಾಡಿದಳು. ಮೂರು ಉತ್ತರ ಬಂದವು.

ಅವಳ ಕೋಣೆಯ ಜೊತೆಗಾತಿ, ಎಲ್ಲರ ಬಾಯಲ್ಲಿ ಕಡ್ಡಿ ಎನಿಸಿಕೊಂಡವಳು, ಒಳಗೆ ಬಂದಳು. "ತಗೋ ಗೂಬೆ, ನಿದ್ದೆ ಓಡ್ಸೋ ಮಾತ್ರೆ. ನುಂಗಿದ್ರೆ ಕಣ್ಣು ಟಾರ್ಚು!"

"ಹೋದ ಸಲಾನೂ ಇದನ್ನೇ ಕೊಟ್ಟಿದ್ದೆ."

"ಅದಕ್ಕೇ ಈ ಸಲ ಎರಡು ತಂದಿದ್ದೀನಿ!"

ಗೂಬೆಯ ಕೈ ಮಾತ್ರೆಯತ್ತ ಚಾಚಿತು. ಅಷ್ಟರಲ್ಲಿ ಹೊರಗೆ ಯಾರೋ ತಟ್ಟೆ ಬೀಳಿಸಿದರು. ಚಾಚಿದ ಕೈ ತಟ್ಟನೆ ಕಿವಿಗೆ ಹೋಯಿತು. ಐದು ವರ್ಷದವಳಿದ್ದಾಗ ಹೀಗೇ ಹಾಡುಹಗಲಲ್ಲಿ ತಟ್ಟೆ ಬೀಳಿಸಿದ್ದಕ್ಕೆ ಅಮ್ಮ ಆ ಕಿವಿಯನ್ನೇ ಹಿಂಡಿದ್ದಳು: "ಅಪ್ಪ ಮಲಗಿದ್ದಾರೆ, ರಾತ್ರಿ ಪಾಳಿ ಇದೆ. ಉಸಿರೂ ಜೋರಾಗಿ ಬಿಡಬೇಡ!" ಕಿಟಕಿಗೆ ಕರಿ ಕಂಬಳಿ, ಮನೆಮಂದಿಯೆಲ್ಲ ತುದಿಗಾಲಲ್ಲಿ. ಮೂವತ್ತೊಂದು ವರ್ಷವೂ ಅಪ್ಪ ಹಗಲೆಲ್ಲ ಗೊರಕೆ ಹೊಡೆದೇ ಕ್ಯಾಬಿನ್ ಹತ್ತಿದ್ದ. ಜಂಬ ಕೊಚ್ಚುವಾಗ ಮಾತ್ರ ಆ ಸಂಗತಿ ನುಂಗಿಬಿಡುತ್ತಿದ್ದ.

ಅವಳು ಪುಸ್ತಕ ಮುಚ್ಚಿ, ಹೊದಿಕೆಯನ್ನು ಕಿಟಕಿಗೆ ಕಟ್ಟಿದಳು.

"ತಲೆ ಕೆಟ್ಟಿದ್ಯಾ? ಎರಡು ಅಧ್ಯಾಯ ಇದೆ ಕಣೇ!" ಕಡ್ಡಿ ಹೌಹಾರಿದಳು. "ಹೋಗ್ಲಿ, ನಾನೇ ಓದಿ ಹೇಳ್ತೀನಿ, ನೀನು ಸುಮ್ನೆ ಕೂತು ಕೇಳು."

"ಬೇಡ ಕಣೇ. ಮಾತ್ರೆನೂ ಬೇಡ, ನೀನು ಓದಿ ಹೇಳೋದೂ ಬೇಡ. ಆ ಎರಡು ಹೋದ್ರೆ ಹೋಗ್ಲಿ, ಗೊತ್ತಿರೋ ಎಂಟನ್ನಾದ್ರೂ ನೆಟ್ಟಗೆ ಬರೀತೀನಿ. ಒಂದು ಗಂಟೆಗೆ ಅಲಾರಂ ಇಟ್ಟು ಮಲಗ್ತೀನಿ, ಎಬ್ಬಿಸೋಕೂ ನೀನು ಬರಬೇಡ."